ಟಾರ್ಚರ್ಡ್ ಎಕ್ಸಿಸ್ಟೆನ್ಸ್ ಸುತ್ತ ಕಟ್ಟಿದ ಸ್ವಂತ ಡೆಕ್

ಈ ಡೆಕ್, ಅಂದರೆ ಆಡಲು ನಾನು ಜೋಡಿಸಿಕೊಂಡ ಕಾರ್ಡ್‌ಗಳ ಕಟ್ಟು, ಒಂದೇ ಕಾರ್ಡಿನಿಂದ ಶುರುವಾಯಿತು. ಅದರ ಹೆಸರು ಟಾರ್ಚರ್ಡ್ ಎಕ್ಸಿಸ್ಟೆನ್ಸ್. ‘ಮ್ಯಾಜಿಕ್: ದಿ ಗ್ಯಾದರಿಂಗ್’ ಆಟದ ಸ್ಟ್ರಾಂಗ್‌ಹೋಲ್ಡ್ ಸರಣಿಯಲ್ಲಿ 1998ರಲ್ಲಿ ಅಚ್ಚಾದದ್ದು. ಮೇಜಿನ ಮೇಲೆ ಇಡಲು ಒಂದು ಕಪ್ಪು ಮಾನಾ (ಕಾರ್ಡ್ ಆಡಲು ತೆರುವ ಶಕ್ತಿ) ಸಾಕು. ಇಟ್ಟ ಮೇಲೆ ಅದು ಮಾಡುವ ಕೆಲಸ ಇಷ್ಟೇ: ಇನ್ನೊಂದು ಕಪ್ಪು ಮಾನಾ ತೆತ್ತು, ಕೈಯಲ್ಲಿರುವ ಒಂದು ಕ್ರೀಚರ್ (ಕಾಳಗಕ್ಕಿಳಿಯುವ ಜೀವಿ) ಕಾರ್ಡನ್ನು ಎಸೆದರೆ, ಬಳಸಿ ಮುಗಿದ ಕಾರ್ಡ್‌ಗಳ ರಾಶಿಯಾದ ಗ್ರೇವ್‌ಯಾರ್ಡ್‌ನಲ್ಲಿರುವ ಬೇರೊಂದು ಕ್ರೀಚರ್ ಕಾರ್ಡ್ ಕೈಗೆ ಮರಳುತ್ತದೆ. ಒಂದು ಕೊಟ್ಟು ಒಂದು ಪಡೆಯುವ ವ್ಯವಹಾರ. ಮೇಲುನೋಟಕ್ಕೆ ಲಾಭವೇನೂ ಇಲ್ಲ. ಆದರೆ ಮಾನಾ ಇರುವಷ್ಟು ಸಲ ಮಾಡಬಹುದು, ಎದುರಾಳಿಯ ಸರದಿಯಲ್ಲೂ ಮಾಡಬಹುದು. ಎಸೆಯುವುದರಿಂದಲೇ ಲಾಭವಾಗುವ ಕಾರ್ಡ್‌ಗಳನ್ನೂ ಮರಳುವುದರಿಂದಲೇ ಲಾಭವಾಗುವ ಕಾರ್ಡ್‌ಗಳನ್ನೂ ಅದರ ಸುತ್ತ ಸೇರಿಸಿದರೆ ಏನಾಗುತ್ತದೆ? ಆ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತ ಕಟ್ಟಿದ್ದು ಈ ಡೆಕ್. ಕಟ್ಟಿದ ಬಗೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಆಟದ ಪರಿಚಯ ಇಲ್ಲದವರಿಗೆ ನಾಲ್ಕು ಮಾತು. ಇಬ್ಬರು ಆಟಗಾರರು, ಇಬ್ಬರಿಗೂ ತಲಾ 20 ಜೀವಾಂಕ. ಪ್ರತಿಯೊಬ್ಬರೂ ತಮ್ಮ ಡೆಕ್ಕನ್ನು ತಾವೇ ತರುತ್ತಾರೆ. ಕನಿಷ್ಠ 60 ಕಾರ್ಡ್ ಇರಬೇಕು; ಮೂಲ ಲ್ಯಾಂಡ್‌ಗಳನ್ನು ಬಿಟ್ಟರೆ ಯಾವುದೇ ಕಾರ್ಡಿನ ನಾಲ್ಕಕ್ಕಿಂತ ಹೆಚ್ಚು ಪ್ರತಿ ಇರುವಂತಿಲ್ಲ; ಪಂದ್ಯದ ನಡುವೆ ಬದಲಿಸಿಕೊಳ್ಳಲು 15 ಕಾರ್ಡಿನ ಸೈಡ್‌ಬೋರ್ಡ್ ಇಟ್ಟುಕೊಳ್ಳಬಹುದು. ಲ್ಯಾಂಡ್‌ಗಳು ಬೇರೆ ಬೇರೆ ಬಣ್ಣದ ಮಾನಾ ಕೊಡುತ್ತವೆ, ಮಾನಾ ತೆತ್ತು ಉಳಿದ ಕಾರ್ಡ್‌ಗಳನ್ನು ಆಡಬೇಕು. ಸತ್ತ, ಎಸೆದ, ಆಡಿ ಮುಗಿದ ಕಾರ್ಡ್‌ಗಳೆಲ್ಲ ಗ್ರೇವ್‌ಯಾರ್ಡ್ ಎಂಬ ರಾಶಿಗೆ ಬೀಳುತ್ತವೆ. ಇನ್ನೂ ಎತ್ತದ ಕಟ್ಟು ಬರಿದಾಗಿ, ಎತ್ತಲು ಎಲೆ ಇಲ್ಲದಿದ್ದರೆ ಸೋಲು. ರಿಚರ್ಡ್ ಗಾರ್ಫೀಲ್ಡ್ ಗಣಿತದವರು. 1993ರಲ್ಲಿ ಅವರು ಈ ಆಟವನ್ನು ಹೊರತಂದಾಗ ಮಾಡಿದ ದೊಡ್ಡ ಕೆಲಸವೆಂದರೆ, ಯಾವ ಎಲೆಗಳಿಂದ ಆಡಬೇಕು ಎಂಬ ನಿರ್ಧಾರವನ್ನೂ ಆಟಗಾರರ ಕೈಗೇ ಕೊಟ್ಟದ್ದು. ಅರ್ಧ ಆಟ ಮೇಜಿಗೆ ಬರುವ ಮೊದಲೇ ಆಗಿಹೋಗಿರುತ್ತದೆ. ನನಗೆ ಪ್ರಿಯವಾದದ್ದು ಆ ಅರ್ಧವೇ.

ನಾನು ಆಡುವುದು ಪಾಪರ್ ಎಂಬ ಬಗೆ. ‘ಕಾಮನ್’ (ಹೇರಳವಾಗಿ ಅಚ್ಚಾಗುವ) ದರ್ಜೆಯಲ್ಲಿ ಎಂದಾದರೂ ಬಿಡುಗಡೆಯಾದ ಕಾರ್ಡ್‌ಗಳಿಗೆ ಮಾತ್ರ ಇದರಲ್ಲಿ ಪ್ರವೇಶ. ಕಂಪ್ಯೂಟರಿನಲ್ಲಿ ಬೆಳೆದ ಈ ಬಗೆಗೆ 2019ರಲ್ಲಿ ಕಾಗದದ ಕಾರ್ಡ್‌ಗಳನ್ನೂ ಸೇರಿಸಿ ಒಂದೇ ನಿಯಮಾವಳಿ ಬಂತು. 2022ರಿಂದ ನಿಷೇಧಗಳನ್ನು ನಿರ್ಧರಿಸಲು ಪ್ರತ್ಯೇಕ ಸಮಿತಿಯೇ ಇದೆ. 2025ರ ಮಾರ್ಚ್‌ನಲ್ಲಿ ಆ ಸಮಿತಿ ಡೆಡ್ಲಿ ಡಿಸ್ಪ್ಯೂಟ್, ಕುಲ್ಡೋಥಾ ರ್‍ಯಾಲಿ, ಬಾಸ್ಕಿಂಗ್ ಬ್ರೂಡ್‌ಸ್ಕೇಲ್ ಮೂರನ್ನೂ ಹೊರಗಿಟ್ಟಿತು. ಕಪ್ಪು ಡೆಕ್‌ಗಳಲ್ಲಿ ಡೆಡ್ಲಿ ಡಿಸ್ಪ್ಯೂಟ್ ಹಾಕುವುದು ರೂಢಿಯಾಗಿಹೋಗಿತ್ತು. ಅದು ಹೋದ ಮೇಲೆ ಕಪ್ಪು ಡೆಕ್ ಆಡುವವರು ಎಲ್ಲವನ್ನೂ ಹೊಸದಾಗಿ ಯೋಚಿಸಬೇಕಾಯಿತು. ಹೊಸದಾಗಿ ಕಟ್ಟುವವರಿಗೆ ಅದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಹಣದ ಮಾತೂ ಇದೆ. ನಮ್ಮ ಊರಿನ ಅಂಗಡಿಗಳಲ್ಲಿ ಬಿಡಿ ಕಾರ್ಡ್‌ಗಳು ಸಿಗುವುದು ಕಡಿಮೆ. ಕಾಮನ್ ಕಾರ್ಡ್‌ಗಳಾದರೆ ಗೆಳೆಯರ ಪೆಟ್ಟಿಗೆಗಳ ತಳದಲ್ಲಿ ರಾಶಿ ರಾಶಿ ಬಿದ್ದಿರುತ್ತವೆ, ಕೇಳಿದರೆ ಕೊಟ್ಟುಬಿಡುತ್ತಾರೆ.

ಗೆದ್ದವರ ಪಟ್ಟಿಯನ್ನು ನೋಡಿ ಅದೇ 60 ಕಾರ್ಡನ್ನು ಜೋಡಿಸಿಕೊಂಡು ಆಡುವುದರಲ್ಲಿ ತಪ್ಪಿಲ್ಲ. ಆಟ ಕಲಿಯಲು ಅದು ನೇರ ದಾರಿ. ಆದರೆ ಆ ಪಟ್ಟಿಯಲ್ಲಿ ಮೂರು ಪ್ರತಿ ಇರುವ ಕಾರ್ಡ್ ನಾಲ್ಕಾಗದೆ ಮೂರೇ ಏಕೆ ಆಯಿತು ಎಂದು ಕೇಳಿದರೆ ನಕಲು ಮಾಡಿದವರ ಬಳಿ ಉತ್ತರ ಇರುವುದಿಲ್ಲ. ಸ್ವಂತ ಡೆಕ್‌ನಲ್ಲಿ ಆ ಉತ್ತರ ಇರುತ್ತದೆ. ಈ ಆಟದ ಚರಿತ್ರೆಯಲ್ಲಿ ನನಗೆ ಅಚ್ಚುಮೆಚ್ಚಿನ ಪ್ರಸಂಗ 1996ರ ಅಟ್ಲಾಂಟಾದ್ದು. ಜೇ ಶ್ನೈಡರ್ ಎಂಬುವರು ರೂಪಿಸಿದ ಕೆಂಪು ಡೆಕ್ಕನ್ನು ಪಾಲ್ ಸ್ಲೈ ಅಲ್ಲಿನ ಅರ್ಹತಾ ಪಂದ್ಯಾವಳಿಯಲ್ಲಿ ಆಡಿ ಎರಡನೆಯ ಸ್ಥಾನಕ್ಕೆ ಒಯ್ದರು. ಅದರಲ್ಲಿದ್ದ ಐರನ್‌ಕ್ಲಾ ಓರ್ಕ್ಸ್‌ನಂಥ ಕಾರ್ಡ್‌ಗಳನ್ನು ಬೇರೆಯವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಶ್ನೈಡರ್ ನೋಡಿದ್ದು ಬಿಡಿ ಕಾರ್ಡಿನ ಬಲವನ್ನಲ್ಲ. ಮೊದಲ ಸರದಿಗೆ ಒಂದು ಮಾನಾದ್ದು, ಎರಡನೆಯದಕ್ಕೆ ಎರಡರದ್ದು ಎಂದು ಪ್ರತಿ ಸರದಿಯ ಮಾನಾವೂ ಪೂರ್ತಿ ಬಳಕೆಯಾಗುವ ಲೆಕ್ಕವನ್ನು. ಇಂದು ಎಲ್ಲರೂ ‘ಮಾನಾ ಕರ್ವ್’ ಎಂದು ಕರೆಯುವ ವಿಚಾರಕ್ಕೆ ಹೆಸರು ತಂದದ್ದು ಆ ಡೆಕ್.

ಟಾರ್ಚರ್ಡ್ ಎಕ್ಸಿಸ್ಟೆನ್ಸ್ ನಾನು ಕಂಡುಹಿಡಿದ ಕಾರ್ಡಲ್ಲ. ಅದರ ಮೇಲೆ ಪ್ರೀತಿ ಇಟ್ಟವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಅದರ ಸುತ್ತ ಏನೇನು ನಿಲ್ಲಬೇಕು, ಎಷ್ಟೆಷ್ಟು ನಿಲ್ಲಬೇಕು ಎಂಬುದಷ್ಟೇ ನನ್ನದು.

ಮೊದಲ ಕೆಲಸ ಕಾಗದದ್ದು. ಒಂದು ಕಾರ್ಡಿನ ಅಳತೆ 63 ಮಿಲಿಮೀಟರ್ ಅಗಲ, 88 ಮಿಲಿಮೀಟರ್ ಉದ್ದ. ಒಂದು ಎ4 ಹಾಳೆಯಲ್ಲಿ ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರರಂತೆ ಒಂಬತ್ತು ಚೀಟಿ ಸರಿಯಾಗಿ ಕೂರುತ್ತವೆ. ಪ್ರತಿ ಚೀಟಿಯ ಮೇಲೆ ಕಾರ್ಡಿನ ಹೆಸರು, ಬೆಲೆ, ಮಾಡುವ ಕೆಲಸ ಬರೆದು, ಹಿಂದೆ ಗಟ್ಟಿಗೆ ಒಂದು ಹಳೆಯ ಲ್ಯಾಂಡ್ ಕಾರ್ಡ್ ಇಟ್ಟು, ಕಾರ್ಡಿಗೆ ಹಾಕುವ ಪ್ಲಾಸ್ಟಿಕ್ ಹೊದಿಕೆಯಾದ ಸ್ಲೀವ್‌ಗೆ ತೂರಿಸುತ್ತೇನೆ. ಅಧಿಕೃತ ಪಂದ್ಯಾವಳಿಗೆ ಇದು ನಡೆಯುವುದಿಲ್ಲ, ಅಲ್ಲಿ ಅಸಲಿ ಕಾರ್ಡೇ ಬೇಕು. ಮನೆಯ ಮೇಜಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಕೈಯಾರೆ ಬರೆಯುವುದರಿಂದ ಇನ್ನೊಂದು ಅನುಕೂಲವಿದೆ: ಬರೆಯುವಾಗ ಕಾರ್ಡಿನ ಒಂದೊಂದು ಮಾತೂ ಗಮನಕ್ಕೆ ಬರುತ್ತದೆ. ಕ್ರಿಪ್ಟ್ ರ್‍ಯಾಟ್ಸ್‌ನ ಚೀಟಿ ಬರೆಯುವಾಗಲೇ ‘ಕಪ್ಪು ಮಾನಾ ಮಾತ್ರ’ ಎಂಬ ಷರತ್ತಿನ ಕೆಳಗೆ ಗೆರೆ ಎಳೆದೆ. ಆ ಗೆರೆ ಆಮೇಲೆ ಲ್ಯಾಂಡ್‌ಗಳ ಲೆಕ್ಕವನ್ನೇ ನಿರ್ಧರಿಸಿತು.

ಈಗ ಯಂತ್ರದ ಒಳಭಾಗ. ಮೇಜಿನ ಮೇಲೆ ಟಾರ್ಚರ್ಡ್ ಎಕ್ಸಿಸ್ಟೆನ್ಸ್ ಇದೆ, ಗ್ರೇವ್‌ಯಾರ್ಡ್‌ನಲ್ಲಿ ಸ್ಟಿಂಕ್‌ವೀಡ್ ಇಂಪ್ ಬಿದ್ದಿದೆ, ಕೈಯಲ್ಲಿ ಬಾಸ್ಕಿಂಗ್ ರೂಟ್‌ವಾಲಾ ಇದೆ, ಬಳಸದ ಒಂದು ಸ್ವಾಂಪ್ (ಕಪ್ಪು ಮಾನಾ ಕೊಡುವ ಲ್ಯಾಂಡ್) ಇದೆ ಎಂದುಕೊಳ್ಳಿ. ಮೊದಲು ಇಂಪನ್ನು ಗುರಿಯಾಗಿ ಹೇಳಬೇಕು, ಬೆಲೆ ತೆರುವುದು ಆಮೇಲೆ. ಆದ್ದರಿಂದ ಈಗ ಎಸೆಯುವ ಕಾರ್ಡನ್ನೇ ಈಗಲೇ ಮರಳಿ ಪಡೆಯಲು ಬರುವುದಿಲ್ಲ. ಗ್ರೇವ್‌ಯಾರ್ಡ್‌ನಲ್ಲಿ ಮೊದಲೇ ಒಂದು ಕ್ರೀಚರ್ ಇರಲೇಬೇಕು. ಗುರಿ ಹೇಳಿ, ಮಾನಾಕ್ಕಾಗಿ ಸ್ವಾಂಪ್ ಅಡ್ಡ ತಿರುಗಿಸಿ, ರೂಟ್‌ವಾಲಾವನ್ನು ಎಸೆಯುತ್ತೇನೆ. ರೂಟ್‌ವಾಲಾಕ್ಕೆ ‘ಮ್ಯಾಡ್ನೆಸ್’ ಗುಣವಿದೆ: ಎಸೆದಾಗ ಗ್ರೇವ್‌ಯಾರ್ಡ್‌ಗೆ ಹೋಗುವ ಬದಲು, ಬೇರೊಂದು ಬೆಲೆ ತೆತ್ತು ಅದನ್ನು ಅಲ್ಲಿಯೇ ಆಡಿಬಿಡಬಹುದು. ಅದರ ಮ್ಯಾಡ್ನೆಸ್ ಬೆಲೆ ಸೊನ್ನೆ. ಹೀಗಾಗಿ ಇಂಪ್ ಕೈಗೆ ಬರುವ ಮೊದಲೇ ರೂಟ್‌ವಾಲಾ ಪುಕ್ಕಟೆಯಾಗಿ ಮೇಜಿಗೆ ಬಂದು ಕೂತಿರುತ್ತದೆ, ಎದುರಾಳಿಯ ಸರದಿಯ ಕೊನೆಯಲ್ಲಿ ಬೇಕಾದರೂ. ಒಂದು ಕಪ್ಪು ಮಾನಾಗೆ ಮೇಜಿನ ಮೇಲೊಂದು ಕ್ರೀಚರ್, ಕೈಗೊಂದು ಕ್ರೀಚರ್. ‘ಒಂದು ಕೊಟ್ಟು ಒಂದು’ ಎಂಬ ವ್ಯವಹಾರ ಮೊದಲು ಮುರಿಯುವುದು ಇಲ್ಲಿಯೇ.

ಗ್ರೇವ್ ಸ್ಕ್ರ್ಯಾಬ್ಲರ್ ಇನ್ನೂ ಒಂದು ಹೆಜ್ಜೆ ಮುಂದೆ. 2007ರ ಫ್ಯೂಚರ್ ಸೈಟ್ ಸರಣಿಯ ಕಾಮನ್ ಅದು. ಅದರ ಮ್ಯಾಡ್ನೆಸ್ ಬೆಲೆ ಎರಡು ಮಾನಾ. ಆ ಬೆಲೆ ತೆತ್ತು ತಂದರೆ ಯಾವುದೇ ಗ್ರೇವ್‌ಯಾರ್ಡ್‌ನಿಂದ ಒಂದು ಕ್ರೀಚರ್ ಕಾರ್ಡನ್ನು ಅದರ ಒಡೆಯರ ಕೈಗೆ ಮರಳಿಸುತ್ತದೆ. ಒಟ್ಟು ಮೂರು ಮಾನಾ ಖರ್ಚು ಮಾಡಿ ಸ್ಕ್ರ್ಯಾಬ್ಲರ್ ಎಸೆದರೆ, 2/2 ಬಲದ (ಕೊಡುವ ಪೆಟ್ಟು 2, ಸಾಯಲು ಬೇಕಾದ ಪೆಟ್ಟು 2) ಸ್ಕ್ರ್ಯಾಬ್ಲರ್ ಮೇಜಿಗೆ ಬರುತ್ತದೆ, ಕೈಗೆ ಎರಡು ಕ್ರೀಚರ್ ಬರುತ್ತವೆ. ಕಾಮನ್ ಕಾರ್ಡ್‌ಗಳ ಲೋಕದಲ್ಲಿ ಮೂರು ಮಾನಾಗೆ ಇಷ್ಟು ಸಿಗುವುದು ಅಪರೂಪ. ಮೊದಲ ಸಲ ಇದನ್ನು ತಮ್ಮನ ಎದುರು ಆಡಿದಾಗ ಅವನು ಸ್ಕ್ರ್ಯಾಬ್ಲರ್ ಎತ್ತಿಕೊಂಡು ಎರಡು ಸಲ ಓದಿ, “ಅಕ್ಕಾ, ಇದು ನಿಜವಾಗಿಯೂ ಕಾಮನ್ ಕಾರ್ಡೇನಾ?” ಎಂದು ಕೇಳಿದ.

ಮೂರನೆಯ ಭಾಗ ಇಂಪ್ ಮತ್ತು ಕಪ್ಪೆ. 2005ರ ರವ್ನಿಕಾ ಸರಣಿಯ ಸ್ಟಿಂಕ್‌ವೀಡ್ ಇಂಪ್‌ಗೆ ‘ಡ್ರೆಜ್ 5’ ಇದೆ. ಅಂದರೆ ಎಲೆ ಎತ್ತುವ ಬದಲು ಕಟ್ಟಿನ ಮೇಲಿನ ಐದು ಕಾರ್ಡನ್ನು ಗ್ರೇವ್‌ಯಾರ್ಡ್‌ಗೆ ಹಾಕಿ ಇಂಪನ್ನೇ ಕೈಗೆ ತೆಗೆದುಕೊಳ್ಳಬಹುದು. ಸ್ಪೋರ್ ಫ್ರಾಗ್ ಒಂದು ಹಸಿರು ಮಾನಾದ ಕಪ್ಪೆ. ಅದನ್ನು ಬಲಿಕೊಟ್ಟರೆ ಆ ಸರದಿಯ ಕಾಳಗದ ಪೆಟ್ಟೆಲ್ಲ ರದ್ದು. ಎರಡನ್ನೂ ಸೇರಿಸಿ ನೋಡಿ. ಸರದಿ ಶುರುವಾದಾಗ ಡ್ರೆಜ್ ಮಾಡಿ ಇಂಪನ್ನು ಎತ್ತುತ್ತೇನೆ. ಒಂದು ಕಪ್ಪು ಮಾನಾಗೆ ಇಂಪನ್ನು ಎಸೆದು ಕಪ್ಪೆಯನ್ನು ಕೈಗೆ ತರುತ್ತೇನೆ. ಒಂದು ಹಸಿರು ಮಾನಾಗೆ ಕಪ್ಪೆಯನ್ನು ಮೇಜಿಗಿಡುತ್ತೇನೆ. ಎದುರಾಳಿ ದಾಳಿ ಮಾಡಿದರೆ ಕಪ್ಪೆ ಬಲಿ. ಮುಂದಿನ ಸರದಿ ಮತ್ತೆ ಇಂಪ್, ಮತ್ತೆ ಕಪ್ಪೆ. ಸರದಿಗೆ ಎರಡೇ ಮಾನಾ ಖರ್ಚು, ಕ್ರೀಚರ್‌ಗಳನ್ನು ನಂಬಿ ಬಂದ ಡೆಕ್ ಅಲ್ಲಿಗೆ ನಿಂತುಹೋಗುತ್ತದೆ.

ಆದರೆ ಇದಕ್ಕೆ ಕಾಲಮಿತಿ ಇದೆ. ಕಟ್ಟಿನಲ್ಲಿ 40 ಕಾರ್ಡ್ ಉಳಿದಿದ್ದರೆ, ಇಂಪ್ ಒಂದರಿಂದಲೇ ಡ್ರೆಜ್ ಮಾಡುತ್ತ ಹೋದರೆ 8 ಸರದಿಗೆ ಕಟ್ಟು ಮುಗಿಯುತ್ತದೆ. ಅದಕ್ಕೆಂದೇ ಗೋಲ್ಗಾರಿ ಬ್ರೌನ್‌ಸ್ಕೇಲ್ ಒಳಗೆ ಬಂತು. ಅದರದ್ದು ‘ಡ್ರೆಜ್ 2’; ಅದೇ 40 ಕಾರ್ಡ್ 20 ಸರದಿ ಬಾಳುತ್ತವೆ. ಜೊತೆಗೆ ಬ್ರೌನ್‌ಸ್ಕೇಲ್ ಗ್ರೇವ್‌ಯಾರ್ಡ್‌ನಿಂದ ಕೈಗೆ ಬಂದಾಗಲೆಲ್ಲ 2 ಜೀವಾಂಕ ಕೊಡುತ್ತದೆ. ಒಂದು ಕೈಯಲ್ಲಿ, ಇನ್ನೊಂದು ಗ್ರೇವ್‌ಯಾರ್ಡ್‌ನಲ್ಲಿ ಇದ್ದರೆ, ಒಂದನ್ನು ಎಸೆದು ಇನ್ನೊಂದನ್ನು ತರುತ್ತ ಪ್ರತಿ ಕಪ್ಪು ಮಾನಾಗೆ 2 ಜೀವಾಂಕ ಗಳಿಸಬಹುದು. ಮೊದಲು ಗ್ರೇವ್‌ಯಾರ್ಡ್ ತುಂಬುವ ತನಕ ಇಂಪ್, ಬೇಕಾದದ್ದೆಲ್ಲ ಅಲ್ಲಿ ಸೇರಿದ ಮೇಲೆ ಬ್ರೌನ್‌ಸ್ಕೇಲ್. ಈ ಗೇರ್ ಬದಲಿಸುವ ಗಳಿಗೆಯನ್ನು ಗುರುತಿಸುವುದರಲ್ಲೇ ಈ ಡೆಕ್ ಆಡುವ ಚಾತುರ್ಯವೆಲ್ಲ ಇದೆ ಎಂದು ನನಗನ್ನಿಸುತ್ತದೆ.

ಯಂತ್ರ ಸೊಗಸಾಗಿದೆ, ಸರಿ. ಯಂತ್ರದ ಅಚ್ಚು ಕೈಗೆ ಬರದಿದ್ದರೆ? 60 ಕಾರ್ಡಿನಲ್ಲಿ ನಾಲ್ಕು ಪ್ರತಿ ಇರುವ ಕಾರ್ಡ್ ಮೊದಲ ಏಳು ಎಲೆಗಳಲ್ಲಿ ಕನಿಷ್ಠ ಒಂದಾದರೂ ಬರುವ ಸಾಧ್ಯತೆ ಶೇ. 40. ಮೊದಲು ಆಡುವವರು ನಾಲ್ಕನೆಯ ಸರದಿಯ ಹೊತ್ತಿಗೆ ಹತ್ತು ಎಲೆ ನೋಡಿರುತ್ತಾರೆ. ಆಗಲೂ ಸಾಧ್ಯತೆ ಶೇ. 53 ಮಾತ್ರ. ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಆಟಗಳಲ್ಲಿ ನಾಲ್ಕನೆಯ ಸರದಿಗೂ ಟಾರ್ಚರ್ಡ್ ಎಕ್ಸಿಸ್ಟೆನ್ಸ್ ಇಲ್ಲ. ಒಂದೇ ಕಾರ್ಡಿನ ಸುತ್ತ ಕಟ್ಟಿದ ಡೆಕ್‌ಗಳೆಲ್ಲ ಮುಗ್ಗರಿಸುವುದು ಈ ಲೆಕ್ಕದಲ್ಲಿ. ನನ್ನ ಹೆಚ್ಚಿನ ಕೆಲಸ ಹೋದದ್ದೂ ಇದರ ಮೇಲೆಯೇ.

ಉತ್ತರ ಎರಡು ಕಡೆಯಿಂದ ಬಂತು. ಒಂದು, ಹುಡುಕುವ ಕಾರ್ಡ್. ಮೊದಲ ಚೀಟಿಗಳಲ್ಲಿ ಗ್ರಿಸ್ಲಿ ಸಾಲ್ವೇಜ್ ಇತ್ತು. ಮೇಲಿನ ಐದು ಕಾರ್ಡ್ ನೋಡಿ ಒಂದು ಕ್ರೀಚರ್ ಅಥವಾ ಲ್ಯಾಂಡ್ ತೆಗೆದುಕೊಳ್ಳುವ ಅವಕಾಶ ಅದು. ಅದರ ಬದಲಿಗೆ 2013ರ ಥೆರೋಸ್ ಸರಣಿಯ ಕಮ್ಯೂನ್ ವಿತ್ ದಿ ಗಾಡ್ಸ್ ಹಾಕಿದೆ. ಅದೂ ಐದೇ ಕಾರ್ಡ್ ನೋಡುತ್ತದೆ, ಆದರೆ ಅದು ಕೊಡುವುದು ಕ್ರೀಚರ್ ಅಥವಾ ಎನ್‌ಚಾಂಟ್‌ಮೆಂಟ್ (ಮೇಜಿನ ಮೇಲೆ ಉಳಿದು ಪ್ರಭಾವ ಬೀರುವ ಕಾರ್ಡ್). ಟಾರ್ಚರ್ಡ್ ಎಕ್ಸಿಸ್ಟೆನ್ಸ್ ಎನ್‌ಚಾಂಟ್‌ಮೆಂಟ್ ತಾನೆ! ಕೈಯಲ್ಲಿ ಅದು ಇಲ್ಲದಾಗ ಒಂದು ಕಮ್ಯೂನ್ ಅದನ್ನು ಎದುರಿಗೆ ತರುವ ಸಾಧ್ಯತೆ ಸುಮಾರು ಮೂರರಲ್ಲಿ ಒಂದು. ತರದಿದ್ದರೂ ಒಂದು ಒಳ್ಳೆಯ ಕ್ರೀಚರ್ ಕೈಗೆ, ಉಳಿದವು ಗ್ರೇವ್‌ಯಾರ್ಡ್‌ಗೆ, ಏನೂ ವ್ಯರ್ಥವಿಲ್ಲ.

ಇನ್ನೊಂದು, ಯಂತ್ರವಿಲ್ಲದೆಯೂ ತಮ್ಮ ಕಾಲ ಮೇಲೆ ನಿಲ್ಲಬಲ್ಲ ಕ್ರೀಚರ್‌ಗಳು. ಇಂಪ್ ಹಾರಬಲ್ಲದು, ಕಾಳಗದಲ್ಲಿ ಅದು ಪೆಟ್ಟು ಕೊಟ್ಟ ಕ್ರೀಚರ್ ಎಷ್ಟೇ ದೊಡ್ಡದಿದ್ದರೂ ಸಾಯುತ್ತದೆ. ಕ್ರಿಪ್ಟ್ ರ್‍ಯಾಟ್ಸ್ ಸುರಿದಷ್ಟು ಕಪ್ಪು ಮಾನಾದ ಪೆಟ್ಟನ್ನು ಎಲ್ಲ ಕ್ರೀಚರ್‌ಗಳಿಗೂ ಇಬ್ಬರು ಆಟಗಾರರಿಗೂ ಹಂಚುತ್ತದೆ. ಸೇಟರ್ ವೇಫೈಂಡರ್ ಲ್ಯಾಂಡ್ ಹುಡುಕಿಕೊಟ್ಟು ಗ್ರೇವ್‌ಯಾರ್ಡ್ ತುಂಬಿಸುತ್ತದೆ. ಕ್ರೀಚರ್ ಅಲ್ಲದಿದ್ದರೂ ಚೇನರ್ಸ್ ಎಡಿಕ್ಟ್ ಇವುಗಳ ಜೊತೆಗಿದೆ; ಎದುರಾಳಿಯಿಂದ ಒಂದು ಕ್ರೀಚರನ್ನು ಬಲಿ ಕೊಡಿಸುವ ಅದು ಕೈಯಿಂದಲೂ ನಡೆಯುತ್ತದೆ, ಗ್ರೇವ್‌ಯಾರ್ಡ್‌ಗೆ ಬಿದ್ದ ಮೇಲೆ ಏಳು ಮಾನಾ ತೆತ್ತರೆ ಅಲ್ಲಿಂದಲೂ ನಡೆಯುತ್ತದೆ.

ಗೆಲ್ಲಿಸುವ ಕಾರ್ಡ್ ಯಾವುದು ಎಂಬುದು ಬಹುಕಾಲ ಇತ್ಯರ್ಥವಾಗಲಿಲ್ಲ. ಕಪ್ಪು ಡೆಕ್ ಆಡುವ ಪಾಪರ್ ಆಟಗಾರರಿಗೆ ಮೊದಲು ನೆನಪಾಗುವುದು ಗುರ್ಮಾಗ್ ಆ್ಯಂಗ್ಲರ್: 5/5 ಬಲ, ಗ್ರೇವ್‌ಯಾರ್ಡ್‌ನ ಕಾರ್ಡ್‌ಗಳನ್ನು ಆಟದಿಂದ ಹೊರಹಾಕಿ ಬೆಲೆ ಇಳಿಸಿಕೊಳ್ಳುವ ಗುಣ. ಎರಡು ಪ್ರತಿ ಇಟ್ಟು ಆಡಿ ನೋಡಿದೆ. ಬಲಶಾಲಿ ನಿಜ, ಆದರೆ ನಾನು ಕೂಡಿಟ್ಟ ಕ್ರೀಚರ್‌ಗಳನ್ನೇ ಅದು ತಿನ್ನುತ್ತದೆ. ಆ್ಯಂಗ್ಲರ್ ಬಂದ ಸರದಿಯಿಂದ ಟಾರ್ಚರ್ಡ್ ಎಕ್ಸಿಸ್ಟೆನ್ಸ್‌ಗೆ ಕೆಲಸವಿಲ್ಲ. ಗ್ರೇ ಮರ್ಚೆಂಟ್ ಆಫ್ ಆಸ್ಫೊಡೆಲ್ ಇದಕ್ಕೆ ತದ್ವಿರುದ್ಧ. ಮೇಜಿಗೆ ಬಂದಾಗ, ನನ್ನ ಮೇಜಿನ ಮೇಲಿನ ಕಾರ್ಡ್‌ಗಳ ಬೆಲೆಯಲ್ಲಿ ಎಷ್ಟು ಕಪ್ಪು ಚಿಹ್ನೆಗಳಿವೆಯೋ ಅಷ್ಟು ಜೀವಾಂಕವನ್ನು ಎದುರಾಳಿಯಿಂದ ಕಿತ್ತು ನನಗೆ ಕೊಡುತ್ತದೆ. ಟಾರ್ಚರ್ಡ್ ಎಕ್ಸಿಸ್ಟೆನ್ಸ್‌ನದ್ದು ಒಂದು, ಸ್ಕ್ರ್ಯಾಬ್ಲರ್‌ನದ್ದು ಒಂದು, ಮರ್ಚೆಂಟ್‌ನದ್ದೇ ಎರಡು: ಒಟ್ಟು ನಾಲ್ಕು. ಎರಡನೆಯ ಟಾರ್ಚರ್ಡ್ ಎಕ್ಸಿಸ್ಟೆನ್ಸ್ ಬಂದರೆ ಅದು ದಂಡವೆನಿಸುವುದಿಲ್ಲ, ಲೆಕ್ಕ ಐದಕ್ಕೇರುತ್ತದೆ. ಮರ್ಚೆಂಟ್ 2/4, ಕ್ರಿಪ್ಟ್ ರ್‍ಯಾಟ್ಸ್‌ಗೆ ನಾಲ್ಕು ಮಾನಾ ಸುರಿದರೆ ಮೇಜಿನ ಜೊತೆ ಮರ್ಚೆಂಟೂ ಸತ್ತು ಗ್ರೇವ್‌ಯಾರ್ಡ್ ಸೇರುತ್ತದೆ, ಒಂದು ಕಪ್ಪು ಮಾನಾಗೆ ಮರಳಿ ಕೈಗೆ ಬರುತ್ತದೆ. ಕಪ್ಪೆ ತಡೆಹಿಡಿಯುತ್ತದೆ, ಮರ್ಚೆಂಟ್ ಮುಗಿಸುತ್ತದೆ. ಇವೆರಡೂ ಒಂದಕ್ಕೊಂದು ಹೊಂದಿದ ದಿನ ಡೆಕ್‌ಗೆ ಒಂದು ಮುಖ ಬಂತು. ಬಿಡಿಬಿಡಿ ಉಪಾಯಗಳ ರಾಶಿಯಾಗಿದ್ದದ್ದು ಆವತ್ತಿನಿಂದ ಒಂದು ಆಲೋಚನೆಯಾಯಿತು. ಡೆಕ್ ಕಟ್ಟುವವರು ಕಾಯುವುದು ಆ ಗಳಿಗೆಗಾಗಿ. ಪಂದ್ಯ ಗೆದ್ದಾಗ ಆಗುವ ಸಂತೋಷಕ್ಕಿಂತ ಅದು ನನಗೆ ದೊಡ್ಡದು. ಅದನ್ನು ಹೇಳಿಕೊಳ್ಳಲು ಯಾವ ಸಂಕೋಚವೂ ಇಲ್ಲ.

ಲ್ಯಾಂಡ್‌ಗಳ ವಿಷಯ ಬೇಗ ಮುಗಿಸುತ್ತೇನೆ. ಡಚ್ ಆಟಗಾರ ಫ್ರ್ಯಾಂಕ್ ಕಾರ್ಸ್ಟನ್ ಮಾಡಿಟ್ಟಿರುವ ಲೆಕ್ಕಗಳ ಪ್ರಕಾರ, ಒಂದು ಬಣ್ಣದ ಮಾನಾ ಮೊದಲ ಸರದಿಯಲ್ಲೇ ನೆಚ್ಚಿಕೆಯಿಂದ ಸಿಗಬೇಕಾದರೆ 60 ಕಾರ್ಡಿನಲ್ಲಿ ಆ ಬಣ್ಣ ಕೊಡುವ ಲ್ಯಾಂಡ್‌ಗಳು ಸುಮಾರು 14 ಇರಬೇಕು. ನನ್ನವು ಒಟ್ಟು 20: ಸ್ವಾಂಪ್ 6, ಫಾರೆಸ್ಟ್ 4, ಎರಡೂ ಬಣ್ಣ ಕೊಡುವ ಜಂಗಲ್ ಹಾಲೋ 4, ಹಾಂಟೆಡ್ ಮೈರ್ 4, ಬ್ಯಾರನ್ ಮೂರ್ 2. ಕಪ್ಪು 16 ಕಡೆಯಿಂದ, ಹಸಿರು 12 ಕಡೆಯಿಂದ. ಇವುಗಳಲ್ಲಿ 10 ಲ್ಯಾಂಡ್ ಅಡ್ಡ ತಿರುಗಿಯೇ ಮೇಜಿಗೆ ಬರುತ್ತವೆ, ಅಂದರೆ ಬಂದ ಸರದಿಯಲ್ಲಿ ಮಾನಾ ಕೊಡುವುದಿಲ್ಲ. ನಿಧಾನದ ಡೆಕ್ ಆದ್ದರಿಂದ ತಾಳಿಕೊಳ್ಳಬಹುದು. ಬ್ಯಾರನ್ ಮೂರ್ ಬಗ್ಗೆ ಮಾತ್ರ ಒಂದು ಮಾತು: ಅದನ್ನು ಒಂದು ಕಪ್ಪು ಮಾನಾಗೆ ಎಸೆದು ಎಲೆ ಎತ್ತಬಹುದು. ಆ ಎತ್ತುವಿಕೆಯನ್ನೂ ಡ್ರೆಜ್ ಆಗಿ ಬದಲಿಸಬಹುದಾದ್ದರಿಂದ ಎದುರಾಳಿಯ ಸರದಿಯ ನಡುವೆ ಇಂಪ್ ಕೈಗೆ ಬಂದುಬಿಡುತ್ತದೆ.

ಚೀಟಿಗಳ ಜಾಗಕ್ಕೆ ಅಸಲಿ ಕಾರ್ಡ್ ಬರುತ್ತ ಹೋದಾಗ ಬೇರೆ ಬಗೆಯ ಕೆಲಸ ಶುರುವಾಯಿತು. 1998ರ ಕಾರ್ಡ್‌ಗಳ ಅಂಚು ಸವೆದು ಬಿಳಿಚಿಕೊಂಡಿರುತ್ತದೆ, ಕಾಗದವೂ ಕೈಗೆ ಮೆತ್ತಗೆ ಹತ್ತುತ್ತದೆ. ಕಟ್ಟಿನಲ್ಲಿ ಒಂದು ಕಾರ್ಡ್ ಬೆರಳಿಗೆ ಬೇರೆಯಾಗಿ ತಿಳಿಯುವಂತಿದ್ದರೆ ಪಂದ್ಯಾವಳಿಯಲ್ಲಿ ಅದು ಗುರುತು ಮಾಡಿದ ಕಾರ್ಡ್ ಎನಿಸಿಕೊಳ್ಳುತ್ತದೆ. ಅದಕ್ಕೆ ಎಲ್ಲಕ್ಕೂ ಒಂದೇ ಪೊಟ್ಟಣದ, ಹಿಂಬದಿ ಪೂರ್ತಿ ಕಪ್ಪಿರುವ ಹೊಸ ಸ್ಲೀವ್ ಹಾಕಿದೆ. ಹೊಳೆಯುವ ಫಾಯಿಲ್ ಕಾರ್ಡ್‌ಗಳನ್ನು ಸೇರಿಸಲೇ ಇಲ್ಲ. ತೇವಕ್ಕೆ ಅವು ಬಿಲ್ಲಿನಂತೆ ಬಾಗುತ್ತವೆ. ನಮ್ಮ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಸ್ಲೀವ್ ಹಾಕಿದ ಮೇಲೆ ಕಟ್ಟನ್ನು ಮೇಜಿನ ಮೇಲೆ ನಿಲ್ಲಿಸಿ, ಕಣ್ಣಿನ ಮಟ್ಟಕ್ಕೆ ತಂದು ಪಕ್ಕದಿಂದ ನೋಡಬೇಕು. ಎಲ್ಲಿಯಾದರೂ ಕೂದಲೆಳೆಯ ಸಂದು ಕಂಡರೆ ಅಲ್ಲೊಂದು ಬಾಗಿದ ಕಾರ್ಡಿದೆ ಎಂದರ್ಥ.

ಪರೀಕ್ಷೆಯ ಮೇಜಿನಲ್ಲಿ ತಮ್ಮ ಬೇರೆ ಬೇರೆ ಡೆಕ್ ಹಿಡಿದು ಕೂರುತ್ತಾನೆ. ಅವನ ಮೆಚ್ಚಿನದು ಕೆಂಪು: ಒಂದು ಮಾನಾಗೆ 3 ಪೆಟ್ಟು ಕೊಡುವ ಲೈಟ್ನಿಂಗ್ ಬೋಲ್ಟ್, ಎರಡು ಮೌಂಟನ್ ಲ್ಯಾಂಡ್ ಬಲಿಕೊಟ್ಟು 4 ಪೆಟ್ಟು ಕೊಡುವ ಫೈರ್‌ಬ್ಲಾಸ್ಟ್. ಇವು ಕಾಳಗದ ಪೆಟ್ಟುಗಳಲ್ಲ. ಕಪ್ಪೆ ಇಲ್ಲಿ ನಿರುಪಯೋಗಿ. ಬ್ರೌನ್‌ಸ್ಕೇಲ್ ಎರಡರಿಂದ ಮೂರಕ್ಕೇರಿದ್ದು ಈ ಡೆಕ್ ಕಾರಣದಿಂದ. ಮೂರು ಕಪ್ಪು ಮಾನಾ ಇದ್ದರೆ ಸರದಿಗೆ 6 ಜೀವಾಂಕ, ಡ್ರೆಜ್ ಮಾಡಿ ಬ್ರೌನ್‌ಸ್ಕೇಲ್ ಎತ್ತಿದ್ದರೆ ಇನ್ನೂ 2; ಅವನು ಎರಡು ಬೋಲ್ಟ್ ಹೊಡೆದರೂ ನಾನು ಇದ್ದಲ್ಲಿಂದ ಕೆಳಗಿಳಿಯುವುದಿಲ್ಲ. ಆದರೆ ಅದು ಸಿದ್ಧವಾಗುವ ಮೊದಲೇ ಅವನು ಮುಗಿಸಿಬಿಡುವ ಆಟಗಳಿವೆ. ಅದಕ್ಕೆ ಸೈಡ್‌ಬೋರ್ಡ್‌ನಲ್ಲಿ ವೆದರ್ ದಿ ಸ್ಟಾರ್ಮ್ 3, ನಾ ಟು ದಿ ಬೋನ್ 2. ಮೊದಲನೆಯದು ಆ ಸರದಿಯಲ್ಲಿ ಅದಕ್ಕೆ ಮುಂಚೆ ಆಡಿದ ಪ್ರತಿ ಮಂತ್ರಕ್ಕೂ (ಲ್ಯಾಂಡ್ ಅಲ್ಲದ ಪ್ರತಿ ಕಾರ್ಡಿಗೂ) ಒಂದೊಂದು ಸಲ ಹೆಚ್ಚುವರಿಯಾಗಿ 3 ಜೀವಾಂಕ ಕೊಡುತ್ತದೆ. ಎರಡನೆಯದು ಗ್ರೇವ್‌ಯಾರ್ಡ್‌ನ ಪ್ರತಿ ಕ್ರೀಚರ್‌ಗೆ 2 ಜೀವಾಂಕ. ಡ್ರೆಜ್ ಮಾಡುವವರಿಗೆ ಅದು ಸುಗ್ಗಿ.

ನೀಲಿ ಫೇರಿ ಡೆಕ್ ಎದುರು ಆಟ ಬೇರೆಯೇ. ನನ್ನ ಮಂತ್ರಗಳನ್ನು ತಡೆಯುವ ಕೌಂಟರ್‌ಸ್ಪೆಲ್‌ಗಳು ಅವರ ಬಲ. ಆದರೆ ಟಾರ್ಚರ್ಡ್ ಎಕ್ಸಿಸ್ಟೆನ್ಸ್ ಮೇಜಿಗೆ ಬಂದ ಮೇಲೆ ಅದರ ಕೆಲಸ ಮಂತ್ರವಲ್ಲ, ಸಾಮರ್ಥ್ಯ. ಕೌಂಟರ್‌ಸ್ಪೆಲ್ ಅದನ್ನು ಮುಟ್ಟದು. ನಾನು ಮೊದಲು ಆಡಿ, ಮೊದಲ ಸರದಿಯಲ್ಲೇ ಅದನ್ನು ಇಟ್ಟರೆ ಅವರಲ್ಲಿ ಇನ್ನೂ ಮಾನಾ ಇರುವುದಿಲ್ಲ. ಆಮೇಲೆ ಫ್ಯೂಮ್ ಸ್ಪಿಟರ್: ಒಂದು ಮಾನಾಗೆ ಮರಳಿಸು, ಒಂದು ಮಾನಾಗೆ ಆಡು, ಬಲಿಕೊಟ್ಟು ಒಂದು 1/1 ಫೇರಿಯನ್ನು ಕೊಲ್ಲು. ಆಡುವಾಗ ತಡೆದರೂ ಅದು ಬೀಳುವುದು ಗ್ರೇವ್‌ಯಾರ್ಡ್‌ಗೇ.

ನಿಜವಾದ ಕಷ್ಟ ರೆಲಿಕ್ ಆಫ್ ಪ್ರೊಜೆನಿಟಸ್. ಯಾರು ಬೇಕಾದರೂ ಹಾಕಿಕೊಳ್ಳಬಹುದಾದ ಒಂದು ಮಾನಾದ ವಸ್ತು. ಅದನ್ನು ಒಡೆದರೆ ಗ್ರೇವ್‌ಯಾರ್ಡ್‌ಗಳೆಲ್ಲ ಒಂದೇ ಏಟಿಗೆ ಆಟದಿಂದ ಹೊರಗೆ. ಅವರು ಒಡೆದಾಗ ಉತ್ತರವಾಗಿ ಪ್ರತಿ ಕಪ್ಪು ಮಾನಾಗೆ ಒಂದು ಕ್ರೀಚರನ್ನು ಉಳಿಸಿಕೊಳ್ಳಬಹುದು. ಆದ್ದರಿಂದ ರೆಲಿಕ್ ಮೇಜಿನಲ್ಲಿರುವಷ್ಟು ಹೊತ್ತು ಎರಡು ಕಪ್ಪು ಲ್ಯಾಂಡ್ ಬಳಸದೆ ಬಿಡುವುದು ನನ್ನ ನಿಯಮ. ಸೈಡ್‌ಬೋರ್ಡ್‌ನ ನೇಚರ್ಸ್ ಕ್ಲೇಮ್ 4 ಇರುವುದು ಇದನ್ನು ನಾಶಮಾಡಲಿಕ್ಕೂ, ಇಂಥ ವಸ್ತುಗಳನ್ನೇ ನಂಬಿದ ಅಫಿನಿಟಿ ಡೆಕ್‌ಗಳ ಆರ್ಟಿಫ್ಯಾಕ್ಟ್‌ಗಳಿಗೂ. 2021ರಲ್ಲಿ ಬಂದ, ಆರ್ಟಿಫ್ಯಾಕ್ಟ್ ಕೂಡ ಆಗಿರುವ ಬ್ರಿಡ್ಜ್ ಲ್ಯಾಂಡ್‌ಗಳು ಮಾತ್ರ ನಾಶವಾಗದಂಥವು, ಅವುಗಳ ಮೇಲೆ ಕ್ಲೇಮ್ ಖರ್ಚು ಮಾಡಬಾರದು. ಉಳಿದಂತೆ ಎದುರಾಳಿಯ ಕೈಯಿಂದ ಒಂದು ಕಾರ್ಡ್ ಎಸೆಯಿಸುವ ಡ್ಯೂರೆಸ್ 3, ಫೇರಿ ಮಕಾಬ್ರ್ 2, ನಾಲ್ಕನೆಯ ಕ್ರಿಪ್ಟ್ ರ್‍ಯಾಟ್ಸ್ 1. ಅಲ್ಲಿಗೆ 15.

ಈ ಆಟಗಳ ನಡುವೆ ತಮ್ಮನಿಗೆ ಒಂದು ಅಭ್ಯಾಸವಾಗಿದೆ. ನನ್ನ ಕಟ್ಟಿನಿಂದ ಕಣ್ಣುಮುಚ್ಚಿ ಒಂದು ಕಾರ್ಡ್ ಎಳೆದು, “ಇದು ಏಕೆ?” ಎಂದು ಕೇಳುತ್ತಾನೆ. ಸ್ನಫ್ ಔಟ್ ಎಳೆದರೆ: ಬಹಳ ಲ್ಯಾಂಡ್‌ಗಳು ಅಡ್ಡ ತಿರುಗಿ ಬರುವ ಡೆಕ್‌ನಲ್ಲಿ, ಮಾನಾ ಇಲ್ಲದಾಗಲೂ 4 ಜೀವಾಂಕ ತೆತ್ತು ಕ್ರೀಚರ್ ಕೊಲ್ಲಲು, ಆ ಜೀವಾಂಕವನ್ನು ಬ್ರೌನ್‌ಸ್ಕೇಲ್ ಆಮೇಲೆ ತುಂಬಿಕೊಡುತ್ತದೆ, ಕೆಂಪಿನ ಎದುರು ಅಷ್ಟು ತೆರಲಾಗದು, ಅದಕ್ಕೇ ಮೂರು, ನಾಲ್ಕಲ್ಲ. ಜಂಗಲ್ ಹಾಲೋ ಎಳೆದರೂ ಕಾರಣವಿದೆ. ಹೀಗೆ ಪ್ರತಿಯೊಂದಕ್ಕೂ ಉತ್ತರ ಹೇಳಬಲ್ಲೆ ಎಂಬುದು, ಆ ಉತ್ತರಗಳೆಲ್ಲ ಇದೇ ಮೇಜಿನಲ್ಲಿ ಹುಟ್ಟಿದವು ಎಂಬುದು ನನಗೆ ಕೊಡುವ ತೃಪ್ತಿ ಬಲು ಗಟ್ಟಿಯಾದದ್ದು.

ಹಾಗೆ ಕೇಳಿಸಿಕೊಂಡು ಹೊರಗೆ ಹೋದ ಕಾರ್ಡೂ ಇದೆ. ಆರಮ್ಯಾನ್ಸರ್ ಗ್ರೇವ್‌ಯಾರ್ಡ್‌ಗೆ ಬಿದ್ದ ಎನ್‌ಚಾಂಟ್‌ಮೆಂಟನ್ನು ಮರಳಿಸುತ್ತದೆ. ವೇಫೈಂಡರ್ ತೆರೆದ ನಾಲ್ಕು ಕಾರ್ಡಿನಲ್ಲಿ ಟಾರ್ಚರ್ಡ್ ಎಕ್ಸಿಸ್ಟೆನ್ಸ್ ಕೊಚ್ಚಿಹೋದಾಗಲೆಲ್ಲ ಅದು ನೆನಪಾಗುತ್ತದೆ. ಆದರೆ ಅದು ಬಿಳಿ ಬಣ್ಣದ ಕಾರ್ಡ್. ಒಂದು ಪ್ರತಿಗಾಗಿ ಮೂರನೆಯ ಬಣ್ಣದ ಲ್ಯಾಂಡ್ ತುರುಕಿದರೆ ಕಪ್ಪು 16 ಎಂಬ ಲೆಕ್ಕ ಕೆಡುತ್ತದೆ, ಕ್ರಿಪ್ಟ್ ರ್‍ಯಾಟ್ಸ್ ಬಡವಾಗುತ್ತದೆ. ಅದನ್ನು ಕೈಬಿಟ್ಟೆ.

ಈಗಿನ 60 ಹೀಗಿದೆ. ಟಾರ್ಚರ್ಡ್ ಎಕ್ಸಿಸ್ಟೆನ್ಸ್, ಕಮ್ಯೂನ್ ವಿತ್ ದಿ ಗಾಡ್ಸ್, ಸೇಟರ್ ವೇಫೈಂಡರ್, ಸ್ಟಿಂಕ್‌ವೀಡ್ ಇಂಪ್, ಬಾಸ್ಕಿಂಗ್ ರೂಟ್‌ವಾಲಾ ತಲಾ ನಾಲ್ಕು. ಬ್ರೌನ್‌ಸ್ಕೇಲ್, ಸ್ಕ್ರ್ಯಾಬ್ಲರ್, ಕ್ರಿಪ್ಟ್ ರ್‍ಯಾಟ್ಸ್, ಸ್ನಫ್ ಔಟ್ ತಲಾ ಮೂರು. ಸ್ಪೋರ್ ಫ್ರಾಗ್, ಗ್ರೇ ಮರ್ಚೆಂಟ್, ಚೇನರ್ಸ್ ಎಡಿಕ್ಟ್ ತಲಾ ಎರಡು. ಫ್ಯೂಮ್ ಸ್ಪಿಟರ್ ಮತ್ತು ಫೇರಿ ಮಕಾಬ್ರ್ ಒಂದೊಂದು. ಮೇಲೆ ಹೇಳಿದ 20 ಲ್ಯಾಂಡ್.

ಇವುಗಳಲ್ಲಿ ಇನ್ನೂ ತೀರ್ಮಾನವಾಗದ ಜಾಗ ಫ್ಯೂಮ್ ಸ್ಪಿಟರ್‌ನದ್ದು. ಫೇರಿ, ಎಲ್ಫ್ ಡೆಕ್‌ಗಳ ಎದುರು ಅದು ಚಿನ್ನ; ಅಫಿನಿಟಿಯ 4/4 ಕ್ರೀಚರ್‌ಗಳ ಎದುರು ಏನೂ ಅಲ್ಲ. ಆ ಜಾಗಕ್ಕೆ ಎರಡನೆಯ ಫೇರಿ ಮಕಾಬ್ರ್ ತರಬಹುದು. ಮಾನಾ ಇಲ್ಲದೆಯೇ ಕೈಯಿಂದ ಎಸೆದು ಗ್ರೇವ್‌ಯಾರ್ಡ್‌ಗಳಿಂದ ಎರಡು ಕಾರ್ಡ್ ಹೊರಹಾಕುವ ಕ್ರೀಚರ್ ಅದು, ಟಾರ್ಚರ್ಡ್ ಎಕ್ಸಿಸ್ಟೆನ್ಸ್ ಇದ್ದರೆ ಒಂದು ಕಪ್ಪು ಮಾನಾಗೆ ಮತ್ತೆ ಮತ್ತೆ ಸಿಗುತ್ತದೆ. ತಮ್ಮ ಈಗ ತಾನೂ ಗ್ರೇವ್‌ಯಾರ್ಡ್ ನಂಬಿದ ಒಂದು ಡೆಕ್ ಕಟ್ಟುತ್ತಿದ್ದಾನೆ, ಅದೂ ಸ್ವಂತದ್ದೇ. ಅವನ ಚೀಟಿಗಳು ಮುಗಿದ ಕೂಡಲೇ ಆ ಡೆಕ್ ಎದುರು ಎರಡೂ ರೀತಿ ಆಡಿ ನೋಡಿ, ಆ ಒಂದು ಸ್ಲೀವ್‌ನಲ್ಲಿ ಯಾವ ಕಾರ್ಡ್ ಉಳಿಯಬೇಕು ಎಂದು ನಿರ್ಧರಿಸುತ್ತೇನೆ.